ಹಾರಿದವನ ಹಿಮ್ಮಡಿ

ಬಾತ್ಮೀದಾರನಾಗಿ ನಾನು ಪಾಲಿಸಿಕೊಂಡು ಬಂದ ನಿಯಮ ಒಂದೇ: ಕಣ್ಣಾರೆ ಕಾಣದ್ದನ್ನು ಬರೆಯಬಾರದು. ಯಾರದೋ ಎಮ್ಮೆ ಬಾವಿಗೆ ಬಿದ್ದಿದೆ ಎಂದು ಓಡುತ್ತ ಬಂದು ಹೇಳಿದರೂ ನಾನು ಬಾವಿಯವರೆಗೆ ಹೋಗಿ, ಬಗ್ಗಿ ನೋಡಿ, ಬಿದ್ದದ್ದು ಎಮ್ಮೆಯೇ ಹೊರತು ಕೋಣವಲ್ಲ ಎಂದು ಖಾತ್ರಿ ಮಾಡಿಕೊಂಡು, ಬಾವಿಯ ಮಾಲೀಕರ ಹೆಸರು ಕೇಳಿ ಬರೆದುಕೊಂಡು, ಆಮೇಲೆ ಕಾಗದ ಹಿಡಿಯುತ್ತಿದ್ದೆ. ಸುದ್ದಿ ಅಚ್ಚಾಗುವ ಹೊತ್ತಿಗೆ ಎಮ್ಮೆ ಮೇಲೆ ಬಂದು, ಮನೆ ಸೇರಿ, ಎರಡು ಹೊತ್ತು ಹಾಲನ್ನೂ ಕೊಟ್ಟಿರುತ್ತಿತ್ತು. ಆದರೂ ನನ್ನ ಸುದ್ದಿ ತಡವಾಯಿತೆಂದು ಜನ ಆಡಿಕೊಂಡರೇ ಹೊರತು ಸುಳ್ಳಾಯಿತೆಂದು ಆಡಿಕೊಂಡವರಿಲ್ಲ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಾಲನ್ನು ನಾನು ಕಾಣದೆ ಬರೆದಿದ್ದೇನೆ. ಅದು ಇಂದಿಗೂ ಯಾರಿಗೂ ಗೊತ್ತಿಲ್ಲ. ನನ್ನ ಹೆಂಡತಿ ರಮಾಗೆ ಗೊತ್ತಿರಬಹುದು, ಆದರೆ ಅವಳಿಗೆ ಗೊತ್ತಿಲ್ಲದ ನನ್ನ ತಪ್ಪು ಯಾವುದಿದೆ, ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಗ ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಕನ್ನಡ ನಾಡು ಒಂದಾಗುವುದು ಇನ್ನೂ ಬಾಕಿ ಇತ್ತು. ಹುಬ್ಬಳ್ಳಿಯಿಂದ ಹೊರಡುತ್ತಿದ್ದ ಒಂದು ಪತ್ರಿಕೆಗೆ ನಾನು ಗದಗಿನ ಬಾತ್ಮೀದಾರ. ನಮ್ಮ ಮನೆತನದ್ದು ತಲೆತಲಾಂತರದಿಂದ ಗುಡಿಯ ಪೂಜೆ. ಅಪ್ಪ ದೇವರ ಮುಂದೆ ಗಂಟೆ ಬಾರಿಸುತ್ತಾನೆ, ನೀನು ಊರ ಮುಂದೆ ಬಾರಿಸುತ್ತೀ ಎಂದು ಅಣ್ಣ ಹಂಗಿಸುತ್ತಿದ್ದ. ಸುದ್ದಿಗಾಗಿ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಎಂದು ಸೈಕಲ್ ತುಳಿಯುತ್ತಿದ್ದೆ. ಸ್ವಾತಂತ್ರ್ಯಕ್ಕೆ ಮೊದಲು ಒಂದೇ ಸವಾರಿಯಲ್ಲಿ ಮೂರು ಸರಕಾರಗಳನ್ನು ದಾಟಿದ ಮನುಷ್ಯ ನಾನು: ಗದಗಿನಲ್ಲಿ ಇಂಗ್ಲಿಷರದು, ಶಿರಹಟ್ಟಿಯಲ್ಲಿ ಸಾಂಗಲಿಯವರದು, ಲಕ್ಷ್ಮೇಶ್ವರದಲ್ಲಿ ಮಿರಜಿನವರದು. ಸೈಕಲ್ಲಿನ ಗಾಲಿಗೆ ಮಾತ್ರ ಮೂರೂ ಸರಕಾರಗಳು ಒಂದೇ ಜಾತಿಯ ಜಾಲಿಮುಳ್ಳನ್ನು ಒದಗಿಸುತ್ತಿದ್ದವು. ನಾಡು ಒಂದಾಗಬೇಕು ಎಂಬ ಮಾತು ಭಾಷಣಕಾರರ ಬಾಯಿಂದ ಕೇಳುವ ಮೊದಲೇ ನನ್ನ ಸೈಕಲ್ ಕಲಿಸಿಕೊಟ್ಟಿತ್ತು.

ನನ್ನ ಶಾಂತಿಯನ್ನು ಕೆಡಿಸಿದ್ದು ಒಂದು ಕ್ಯಾಮರಾ. ಇನ್ನು ಮುಂದೆ ಪತ್ರಿಕೆಯಲ್ಲಿ ಚಿತ್ರಗಳೂ ಬರಬೇಕು ಎಂದು ಸಂಪಾದಕರಿಗೆ ಅನಿಸಿ, ಯಾರೋ ಬಳಸಿ ಬಿಟ್ಟ ಮಡಚುವ ಕ್ಯಾಮರಾವೊಂದನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸಿಕೊಟ್ಟರು. ಗುಂಡಿ ಒತ್ತಿದರೆ ಅದರ ಬಾಯಿ ತೆರೆದು, ಒಳಗಿನಿಂದ ಹಾರ್ಮೋನಿಯಂ ತಿದಿಯಂಥ ಚರ್ಮದ ಕೊಳವೆ ಹೊರಗೆ ಬರುತ್ತಿತ್ತು. ಎದುರಿನ ವಸ್ತು ಎಷ್ಟು ಅಡಿ ದೂರ ಇದೆ ಎಂಬುದನ್ನು ನಾವೇ ಅಂದಾಜು ಮಾಡಿ ತಿರುಪಬೇಕು. ಕ್ಯಾಮರಾವನ್ನು ಎದೆಗೆ ಹಿಡಿದು, ತಲೆ ಬಗ್ಗಿಸಿ, ಮೇಲಿನ ಹುಣಸೆಬೀಜದಷ್ಟು ಕನ್ನಡಿಯಲ್ಲಿ ನೋಡಬೇಕು. ಆ ಕನ್ನಡಿಯಲ್ಲಿ ಎಡಕ್ಕಿದ್ದದ್ದು ಬಲಕ್ಕೆ ಕಾಣುತ್ತಿತ್ತು. ಒಂದು ಸುರುಳಿಗೆ ಎಂಟು ಚಿತ್ರ. ನಾನು ತೆಗೆದ ಮೊದಲ ಚಿತ್ರದಲ್ಲಿ ಊರಿನ ಒಬ್ಬ ಗಣ್ಯರು ಹಾರ ಹಾಕಿಸಿಕೊಳ್ಳುತ್ತಿದ್ದರು. ಹಾರ ಸ್ಪಷ್ಟವಾಗಿ ಬಂದಿತ್ತು. ಅದನ್ನು ಹಾಕಲು ಬೇಕಾದ ತಲೆ ಚಿತ್ರದ ಹೊರಗೆ ಉಳಿದಿತ್ತು. ಎರಡನೆಯದು ಹುಲಕೋಟಿಯ ಹೊರಗೆ ನಡೆದ ಎತ್ತಿನ ಬಂಡಿಯ ಓಟ. ಅದನ್ನು ನೋಡಿ ಸಂಪಾದಕರು ಒಂದು ಕಾರ್ಡು ಬರೆದರು: ಚಿತ್ರ ತಲುಪಿತು, ಇದರಲ್ಲಿ ಎತ್ತು ಓಡುತ್ತಿದೆಯೋ ಅಥವಾ ಮಳೆ ಬರುತ್ತಿದೆಯೋ ತಿಳಿಸಿದರೆ ಅಡಿಬರಹ ಹಾಕಲು ಅನುಕೂಲವಾಗುತ್ತದೆ.

ಕಾರ್ಡನ್ನು ರಮಾ ನನಗಿಂತ ಮೊದಲೇ ಓದಿದ್ದಳು. ಕಾರ್ಡು ಬರೆಯುವವರು ಈ ಅಪಾಯವನ್ನು ಯಾಕೆ ನೆನಪಿಡುವುದಿಲ್ಲವೋ ಗೊತ್ತಿಲ್ಲ. ಅವಳು ಮೊರದಲ್ಲಿ ಜೋಳ ಕೇರುತ್ತ, "ಓಡೂದನ್ನ ಯಾಕ ತೆಗೀಲಿಕ್ಕೆ ಹೋಗ್ತೀರಿ? ಮೊದಲ ನಿಂತವರದ ತಲಿ ಬರೋ ಹಂಗ ತೆಗೀರಿ" ಅಂದಳು. ಛಲಕ್ಕೆ ಬಿದ್ದು ಅವಳು ಕೇರುತ್ತಿರುವುದನ್ನೇ ತೆಗೆದೆ. ಚಿತ್ರದಲ್ಲಿ ಮೊರ ಇತ್ತು, ಸೀರೆಯ ಅಂಚು ಇತ್ತು, ಹಿಂದಿನ ಗೋಡೆಗೆ ಹೊಡೆದ ಮೊಳೆ ಅದರ ನೆರಳಿನ ಸಮೇತ ಬಂದಿತ್ತು. ಅವಳ ಮುಖ ಇರಬೇಕಾದ ಜಾಗದಲ್ಲಿ ಒಂದು ಸಣ್ಣ ಮೋಡ ಇತ್ತು. ಅವಳು ಅದನ್ನು ಬಹಳ ಹೊತ್ತು ನೋಡಿ, ಮೊಳೆ ಬಹಳ ಚೆಂದ ಬಂದಿದೆ, ನೀವು ಅದನ್ನೇ ಮದುವೆ ಮಾಡಿಕೊಳ್ಳಬೇಕಿತ್ತು ಎಂದಳು. ಆ ಫೋಟೋ ಇಂದಿಗೂ ನಮ್ಮ ಮನೆಯಲ್ಲಿದೆ. ತವರಿನಿಂದ ಯಾರಾದರೂ ಬಂದಾಗ ಹೊರಗೆ ಬರುತ್ತದೆ.

ಚಿತ್ರಗಳನ್ನು ತೊಳೆದು ಕೊಡುತ್ತಿದ್ದವರು ಸ್ಟೇಶನ್ ರಸ್ತೆಯ ಸ್ಟುಡಿಯೋದ ಇಮಾಮಸಾಹೇಬರು. ಅವರ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಳ್ಳುವುದು ಹಲ್ಲು ಕೀಳಿಸಿಕೊಂಡಷ್ಟೇ ಗಂಭೀರವಾದ ಕೆಲಸ. ಕುರ್ಚಿಯ ಹಿಂದೆ ತಲೆ ಅಲುಗದಂತೆ ಹಿಡಿಯುವ ಒಂದು ಕಬ್ಬಿಣದ ಕವಲು ಇತ್ತು. ಗಿರಾಕಿಯನ್ನು ಅದಕ್ಕೆ ಒರಗಿಸಿ, ಉಸಿರು ಬಿಗಿ ಹಿಡಿಸಿ, ಮೂರರವರೆಗೆ ಎಣಿಸುತ್ತಿದ್ದರು. ಗದಗಿನ ಹಳೆಯ ಮದುವೆಯ ಫೋಟೋಗಳಲ್ಲಿ ಗಂಡು ಹೆಣ್ಣು ಇಬ್ಬರೂ ಮುಳುಗುತ್ತಿರುವವರಂತೆ ಕಾಣುವುದು ಇದೇ ಕಾರಣಕ್ಕೆ. ಓಡುವ ಮನುಷ್ಯನನ್ನು ಸ್ಪಷ್ಟವಾಗಿ ಹಿಡಿಯುವುದು ಹೇಗೆ ಎಂದು ಕೇಳಿದಾಗ ಅವರು ನಕ್ಕರು. "ಕುಂತ ಮಂದೀನ ನೆಟ್ಟಗ ಕುಂಡ್ರಂಗಿಲ್ಲ ರಾಯರ. ಮೂರು ಅನ್ನೂದ್ರಾಗ ಮೂಗ ಕೆರಕೋತಾರ. ನೀವು ಓಡಾವನ್ನ ಹಿಡೀತೀನಂತೀರಿ" ಎಂದು, ಮೇಜಿನ ಸೆಳೆಖಾನೆಯಿಂದ ಒಂದು ಹಳೆಯ ಅಮೆರಿಕದ ಚಿತ್ರಪತ್ರಿಕೆ ತೆಗೆದರು. ಯುದ್ಧಕ್ಕೆ ಹೋಗಿ ಬಂದ ಸಿಪಾಯಿಯೊಬ್ಬ ಫೋಟೋ ತೆಗೆಸಿಕೊಳ್ಳಲು ಬಂದಾಗ ಕೊಟ್ಟು ಹೋದದ್ದಂತೆ.

ಅದರ ನಡುಪುಟದಲ್ಲಿದ್ದ ಚಿತ್ರವನ್ನು ನೋಡಿ ನಾನು ಕುರ್ಚಿಯ ಮೇಲೆ ಕೂತೆ. ಕಬ್ಬಿಣದ ಕವಲು ತಲೆಗೆ ತಾಗಿದ್ದೂ ತಿಳಿಯಲಿಲ್ಲ. ಬೇಸ್‌ಬಾಲ್ ಎಂಬ ಆಟವಂತೆ. ಒಬ್ಬನ ಕೈಯಲ್ಲಿ ಒನಕೆಯಂಥ ಕೋಲು. ಇನ್ನೊಬ್ಬ ನೆಲದ ಮೇಲೆ ಜಾರುತ್ತ ಬರುತ್ತಿದ್ದಾನೆ. ಅವನ ಕಾಲಿನಿಂದ ಎದ್ದ ಮಣ್ಣು ಗಾಳಿಯಲ್ಲಿ ಹಾಗೆಯೇ ನಿಂತಿದೆ, ಹರಳು ಹರಳಾಗಿ, ಯಾರೋ ಒಂದೊಂದನ್ನೇ ಕೈಯಿಂದ ಇಟ್ಟ ಹಾಗೆ. ಮೂರನೆಯವನು ಮೇಲಕ್ಕೆ ಜಿಗಿದು ಕೈಗವಸನ್ನು ಚಾಚಿದ್ದಾನೆ, ಚೆಂಡು ಅದನ್ನು ಇನ್ನೂ ಮುಟ್ಟಿಲ್ಲ, ಬೆರಳಿನಷ್ಟು ದೂರದಲ್ಲಿ ಇದೆ. ಆ ಚೆಂಡಿನ ಹೊಲಿಗೆಗಳನ್ನು ಎಣಿಸಬಹುದಿತ್ತು. ನಾನು ಎಣಿಸಿದೆ. ನನ್ನ ಮನಸ್ಸಿಗೆ ಬಂದದ್ದು ಇಷ್ಟು: ಆ ದಿನ ಆ ಬಯಲಿನಲ್ಲಿ ನೆರೆದಿದ್ದ ಸಾವಿರಾರು ಜನರಲ್ಲಿ ಒಬ್ಬನಿಗೂ ಈ ಹೊಲಿಗೆ ಕಂಡಿರಲಾರದು. ಆಗಿ ಹೋದ, ಆದರೆ ಯಾರೂ ಕಾಣದ ಒಂದು ಕ್ಷಣವನ್ನು ಯಾವನೋ ಒಬ್ಬ ಹಿಡಿದು ಕಾಗದದ ಮೇಲೆ ಇಟ್ಟಿದ್ದಾನೆ. ಕಣ್ಣಾರೆ ಕಂಡದ್ದನ್ನೇ ಬರೆಯುತ್ತೇನೆ ಎಂದು ಬೀಗುತ್ತಿದ್ದ ನನಗೆ, ಕಣ್ಣಿಗೆ ಕಾಣುವುದೇ ಎಷ್ಟು ಕಡಿಮೆ ಎಂದು ಹೊಳೆದದ್ದು ಆವಾಗ. ಇಮಾಮಸಾಹೇಬರು ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, ಕೋಲಿನಿಂದ ಹೊಡೆಯುವುದು, ಹಾರಿ ಹಿಡಿಯುವುದು, ಹಿಡಿದರೆ ಹೊಡೆದವನು ಹೊರಗೆ, ಇದು ನಮ್ಮ ಚಿಣಿಪಣಿಯೇ ಅಲ್ಲವೇ, ಇವರಿಗೆ ಚಿಣಿ ಕೆತ್ತಲು ಬರದೆ ಚೆಂಡು ತಂದಿದ್ದಾರೆ ಎಂದು ತೀರ್ಪು ಕೊಟ್ಟರು.

ಚಿಣಿಪಣಿ ಎಂದರೆ ಮೈಸೂರ ಕಡೆಯವರು ಚಿನ್ನಿದಾಂಡು ಎನ್ನುವ ಆಟ. ಎರಡೂ ತುದಿ ಚೂಪಾಗಿ ಕೆತ್ತಿದ ಗೇಣುದ್ದದ ಚಿಣಿಯನ್ನು ಉದ್ದ ಕೋಲಿನಿಂದ ಪುಟಿಸಿ ಹೊಡೆಯುವುದು, ಎದುರಿನವರು ಅದನ್ನು ಗಾಳಿಯಲ್ಲೇ ಹಿಡಿಯುವುದು. ಸಣ್ಣವರ ಆಟ ಎಂದು ಉಳಿದ ಊರವರು ಅಂದುಕೊಂಡಿದ್ದರೆ ಅಂದುಕೊಳ್ಳಲಿ. ನಮ್ಮಲ್ಲಿ ಬನ್ನಿ ಹಬ್ಬದ ಮರುದಿನ ಮೀಸೆ ಹಣ್ಣಾದವರು ಕಚ್ಚೆ ಬಿಗಿದು ಆಡುತ್ತಿದ್ದರು. ಒಂದು ಕಡೆ ಗದಗಿನವರು, ಇನ್ನೊಂದು ಕಡೆ ಬೆಟಗೇರಿಯವರು. ಆಯುಧಪೂಜೆಗೆ ನಿಲ್ಲಿಸಿದ ಮಗ್ಗಗಳನ್ನು ಬೆಟಗೇರಿಯ ನೇಕಾರರು ಇನ್ನೂ ಶುರು ಮಾಡಿರುತ್ತಿರಲಿಲ್ಲ. ಕಾಗದದ ಮೇಲೆ ಎರಡೂ ಊರುಗಳು ಒಂದಾಗಿ ಎಷ್ಟೋ ಕಾಲವಾಗಿತ್ತು; ಪುರಸಭೆ ಒಂದೇ, ಸ್ಟೇಶನ್ನಿನ ಫಲಕ ಒಂದೇ. ಆದರೆ ಆ ಒಂದು ದಿನ ಗದಗಿಗೆ ಕೊಟ್ಟ ಬೆಟಗೇರಿಯ ಹೆಣ್ಣುಮಕ್ಕಳು ಗಂಡಂದಿರಿಗೆ ಊಟ ಬಡಿಸುವುದನ್ನೂ ತಡ ಮಾಡುತ್ತಿದ್ದರು. ಹಿಂದಿನ ಎರಡು ವರ್ಷ ಗದಗಿನವರೇ ಗೆದ್ದಿದ್ದರು.

ಚಿತ್ರಪತ್ರಿಕೆ ನೋಡಿದ ವಾರದಲ್ಲೇ ಬೆಟಗೇರಿಯ ತಿಪ್ಪಣ್ಣ ನಮ್ಮ ಮನೆಗೆ ಬಂದ. ನಲವತ್ತು ದಾಟಿದ ನೇಕಾರ, ಕಡ್ಡಿಯಂಥ ಮೈ, ಮಾತು ಕಡಿಮೆ. ಚಿಣಿ ಹಿಡಿಯುವುದರಲ್ಲಿ ಅವನಂಥವನು ಎರಡೂ ಊರುಗಳಲ್ಲಿ ಇರಲಿಲ್ಲ. ಅವನು ಹಾರಿದಾಗ ಗದಗಿನವರು ಕೂಡ ಬಯ್ಯುವುದನ್ನು ಮರೆಯುತ್ತಾರೆ ಎಂದು ಹೇಳುತ್ತಿದ್ದರು; ಹಬ್ಬದ ದಿನಗಳಲ್ಲಿ ಗುಡಿಯ ಕೆಲಸ ಬಿಡದ್ದರಿಂದ ನಾನು ನೋಡಿರಲಿಲ್ಲ. ಪಡಸಾಲೆಯ ಅಂಚಿನಲ್ಲಿ ಕೂತು, ಸ್ವಲ್ಪ ಹೊತ್ತು ಕ್ಯಾಮರಾವನ್ನೇ ನೋಡಿ, ಒಂದು ಮಾತು ಕೇಳುತ್ತೇನೆ, ನಗಬಾರದು ಎಂದ. ನಾನು ನಗುವುದಿಲ್ಲ ಎಂದೆ.

"ಇಪ್ಪತ್ತ ವರ್ಷ ಆತ್ರಿ ರಾಯರ, ಚಿಣಿ ಹಿಡಿಯಾಕ ಹತ್ತಿ. ತಿಪ್ಪಣ್ಣ ಹಾರೂದ ನೋಡಬೇಕು ನೋಡಬೇಕು ಅಂತ ಮಂದಿ ಬರ್ತೈತಿ. ಎಲ್ಲಾರೂ ನೋಡ್ಯಾರ, ನಾ ಒಬ್ಬನ ನೋಡಿಲ್ಲ. ನೋಡಬೇಕಂದ್ರ ನಾ ಅಲ್ಲೆ ಮ್ಯಾಲ ಇರ್ತೀನಲ್ಲರಿ."

ನಾನು ನಗಲಿಲ್ಲ. ಅವನು ಮುಂದಿನದನ್ನು ಕಣ್ಣು ಉಜ್ಜಿಕೊಳ್ಳುತ್ತ ಹೇಳಿದ. "ಮಗ್ಗದಾಗ ಎಳಿ ಒಂದಿದ್ದದ್ದು ಎರಡ ಕಾಣಾಕ ಹತ್ಯಾವ. ಬರೂ ವರ್ಷ ಚಿಣೀನೂ ಎರಡ ಬರ್ತಾವ. ಯಾವದನ್ನ ಹಿಡೀಲಿ? ಇದ ಕಡೀದು. ಒಂದ ಫೋಟೋ ತೆಗೀರಿ. ಮಗ್ಗದ ಮ್ಯಾಲ ಹಾಕ್ಕೋತೀನಿ." ಅವನ ಹೆಂಡತಿ ಗಂಗವ್ವನೂ ಅವನು ಹಾರುವುದನ್ನು ನೋಡಿರಲಿಲ್ಲವಂತೆ. ಊರ ಗಂಡಸರ ಮಾತು, ನಾನೇನು ಕಂಡಿದ್ದೇನೆ ಎಂದು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಹೇಳುತ್ತಾಳಂತೆ.

ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಭಯವಾಯಿತು. ಗಣ್ಯರ ಹಾರದ ಚಿತ್ರ ಕೆಟ್ಟರೆ ಮುಂದಿನ ತಿಂಗಳು ಇನ್ನೊಂದು ಹಾರ ಬೀಳುತ್ತದೆ. ಅವುಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. ಇದು ಮತ್ತೆ ಬರುವಂಥದ್ದಲ್ಲ. ಕ್ಯಾಮರಾದ ಅತಿ ವೇಗದ ಗುರುತು ಸೆಕೆಂಡಿನ ನೂರನೆಯ ಒಂದು ಪಾಲು. ಎತ್ತುಗಳು ಮಳೆಯಾದದ್ದು ಅದೇ ವೇಗದಲ್ಲಿ. ನಾನು ಬೀದಿಯಲ್ಲಿ ಸೈಕಲ್ಲುಗಳನ್ನು, ಗುಡಿಯ ಮುಂದಿನ ಪಾರಿವಾಳಗಳನ್ನು, ಕೊನೆಗೆ ಸಂಧ್ಯಾವಂದನೆಗೆ ನೀರು ಬಿಡುತ್ತಿದ್ದ ಅಪ್ಪನನ್ನು ಖಾಲಿ ಕ್ಯಾಮರಾದಿಂದ ಬೆನ್ನುಹತ್ತಿ ಅಭ್ಯಾಸ ಮಾಡಿದೆ. ಕನ್ನಡಿಯಲ್ಲಿ ಎಡ ಬಲ ಅದಲುಬದಲಾಗುವುದರಿಂದ ಪಾರಿವಾಳ ಬಜಾರದ ಕಡೆ ಹಾರಿದರೆ ನಾನು ಕೆರೆಯ ಕಡೆ ತಿರುಗುತ್ತಿದ್ದೆ. ನೆರೆಯವರು ರಮಾಗೆ ಕನಿಕರದ ದನಿಯಲ್ಲಿ, ನಿಮ್ಮ ಮನೆಯವರಿಗೆ ಇತ್ತೀಚೆಗೆ ತಲೆ ಸುತ್ತು ಬರುತ್ತದೆಯೇ ಎಂದು ಕೇಳಿದರಂತೆ.

ದಾರಿ ತೋರಿಸಿದವನು ತಿಪ್ಪಣ್ಣನೇ. ಒಂದು ದಿನ ಅವನ ಮನೆಗೆ ಹೋದಾಗ ನೆಲದಲ್ಲಿ ತೋಡಿದ ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತಿದ್ದ. ಕೈಯಿಂದ ಹಗ್ಗ ಜಗ್ಗಿದರೆ ಲಾಳಿ ಈ ತುದಿಯಿಂದ ಆ ತುದಿಗೆ ಎಳೆಯನ್ನು ಒಯ್ಯುತ್ತದೆ, ಕಾಲು ತುಳಿದರೆ ಎಳೆಗಳು ಬಾಯಿ ಬಿಡುತ್ತವೆ. ಟಕ್ ಎಂಬ ಸದ್ದು ಕೇಳುತ್ತಿತ್ತು, ಲಾಳಿ ಕಾಣುತ್ತಿರಲಿಲ್ಲ. ನನ್ನ ಸಂಕಟ ಹೇಳಿಕೊಂಡೆ. ಅವನು ಕೈ ನಿಲ್ಲಿಸದೆ ಕೇಳಿದ, "ಲಾಳಿ ಕಾಣ್ತೈತೇನ್ರಿ?"

ಇಲ್ಲ ಎಂದೆ.

"ಅದರ ಬೆನ್ನ ಹತ್ತಬ್ಯಾಡ್ರಿ, ಅದಕ್ಕ ಕಾಣವಲ್ದು. ಈ ದಂಡೀಗೆ ಕಣ್ಣಿಟ್ಟು ಸುಮ್ಮನ ಕುಂಡ್ರಿ. ಬಂದ ಮುಟ್ಟಿದ್ದು ಹೊಳ್ಳಿ ಹೋಗಬೇಕಲ್ಲ. ಹೊಳ್ಳೂಕಿಂತ ಮೊದಲ ಒಂದ ಚಣ ನಿಂದರತೈತಿ. ನಿಂದರದ ಹೊಳ್ಳಾಕ ಬರಂಗಿಲ್ಲ. ಮನಶ್ಯಾನೂ ಅಷ್ಟರಿ. ಹಾರಿದಾವ ಇಳಿಯೂಕಿಂತ ಮೊದಲ ಮ್ಯಾಲ ಒಂದ ಚಣ ನಿಂತಿರತಾನ."

ಮಗ್ಗದ ಬಲತುದಿಗೆ ಕಣ್ಣಿಟ್ಟು ಕೂತೆ. ಮೊದಲು ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಸದ್ದಿನ ಲಯ ಮೈಗೆ ಹತ್ತಿದ ಮೇಲೆ, ಕಂಡಿತು. ಕರಿ ಕಟ್ಟಿಗೆಯ ಲಾಳಿ, ಅದರ ಹೊಟ್ಟೆಯಲ್ಲಿ ಕೆಂಪು ನೂಲಿನ ಕಂಡಿಕೆ, ಕಟ್ಟಿಗೆಯ ಮೇಲೆ ಬೆರಳು ಸವೆಸಿದ ಹೊಳಪು, ಎಲ್ಲವೂ ಇತ್ತು, ಮರುಕ್ಷಣ ಇರಲಿಲ್ಲ. ಮತ್ತೆ ಇತ್ತು. ಅಷ್ಟು ವರ್ಷ ಬೆಟಗೇರಿಯ ಓಣಿಗಳಲ್ಲಿ ಆ ಸದ್ದನ್ನು ಕೇಳುತ್ತ ಅಡ್ಡಾಡಿದ್ದೆ. ಪ್ರತಿ ಮನೆಯೊಳಗೆ, ಪ್ರತಿ ಟಕ್ಕಿಗೆ, ಇಂಥದೊಂದು ನಿಲುಗಡೆ ಇದೆ ಎಂಬುದು ನನಗೆ ಗೊತ್ತಿರಲಿಲ್ಲ. ಗಂಗವ್ವ ಕೊಟ್ಟ ಚಹಾ ಆರಿಹೋಗಿದ್ದು ಆಮೇಲೆ ತಿಳಿಯಿತು. ಇಮಾಮಸಾಹೇಬರಿಗೆ ಹೇಳಿದಾಗ ಅವರು, ಫೋಟೋದ ಪುಸ್ತಕದಲ್ಲೂ ಇದನ್ನೇ ಬರೆದಿದ್ದಾರೆ, ಆದರೆ ಅವರಿಗೆ ಇಂಗ್ಲಿಷಿನಲ್ಲಿ ಆರು ಪುಟ ಬೇಕಾಗಿದೆ ಎಂದರು. ಮೇಲೊಂದು ಉಪದೇಶವನ್ನೂ ಕೊಟ್ಟರು: ಬನ್ನಿ ಹಬ್ಬದ ಬಿಸಿಲು ಚೊಕ್ಕ ಇರುತ್ತದೆ, ಕ್ಯಾಮರಾದ ಕಂಡಿಯನ್ನು ಸಣ್ಣ ಮಾಡಿ, ಹತ್ತಿರದವರು ದೂರದವರು ಎಲ್ಲರೂ ಸ್ಪಷ್ಟ ಬರುತ್ತಾರೆ, ಎಲ್ಲಿ ಹಾರುತ್ತಾನೋ ಆ ಜಾಗಕ್ಕೆ ಮೊದಲೇ ಅಡಿ ಅಳೆದು ತಿರುಪಿಟ್ಟು, ಕಂಬದಂತೆ ನಿಲ್ಲಿ.

ಪಂದ್ಯ ಎರಡೂ ಊರುಗಳ ನಡುವಿನ ಬಯಲಿನಲ್ಲಿ. ಅದರ ಒಂದು ಬದಿಗೆ ಹೊಲದ ಒಡ್ಡು, ಒಡ್ಡಿನಾಚೆ ಇಳಿಜಾರಿನಲ್ಲಿ ಜನ. ಗದಗಿನ ಕಡೆಯ ದಾಂಡಿಗ ಗಾಳಿಯ ಜೊತೆಗೆ ಒಡ್ಡಿನ ಕಡೆಗೇ ಹೊಡೆಯುತ್ತಾನೆ, ನಾನು ಒಡ್ಡಿನ ಮೇಲಿಂದಲೇ ಹಾರುತ್ತೇನೆ ಎಂದು ತಿಪ್ಪಣ್ಣ ಮೊದಲೇ ತಿಳಿಸಿದ್ದ. ನಾನು ಒಡ್ಡಿನಿಂದ ಹದಿನೆಂಟು ಅಡಿ ಅಳೆದು, ತಿರುಪಿ, ಅವನ ತಲೆ ಎಲ್ಲಿಯವರೆಗೆ ಹೋಗಬಹುದು ಎಂದು ಅಂದಾಜು ಮಾಡಿ, ಕನ್ನಡಿಯ ಚೌಕಟ್ಟಿನಲ್ಲಿ ಅಷ್ಟು ಆಕಾಶವನ್ನು ಬಿಟ್ಟು ನಿಂತೆ. ಅಂದಾಜು ಮಾಡುವಾಗ ಒಬ್ಬ ಸಾಧಾರಣ ಮನುಷ್ಯನ ನೆಗೆತವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ನನ್ನ ಕಸುಬಿನವರಿಗೆ ಅತಿಶಯೋಕ್ತಿ ಆಗಿಬರುವುದಿಲ್ಲ. ಜನ ಹೇಳುತ್ತಿದ್ದ ಎತ್ತರದಲ್ಲಿ ಅರ್ಧವನ್ನು ಕಳೆದು ಲೆಕ್ಕ ಹಿಡಿದಿದ್ದೆ.

ಏಳು ಚಿತ್ರಗಳನ್ನು ಹೇಗೆ ಕಳೆದೆ ಎಂಬುದನ್ನು ವಿವರಿಸುವುದಿಲ್ಲ. ಒಂದಕ್ಕೆ ಯಾರದೋ ರುಮಾಲು ಅಡ್ಡ ಬಂತು. ಒಂದನ್ನು ಸುಳ್ಳು ಕೂಗಿಗೆ ಒತ್ತಿದೆ. ಎರಡನ್ನು, ನಡುವೆ ಗದಗಿನವರೂ ಬೆಟಗೇರಿಯವರೂ ಚಿಣಿ ನೆಲ ಮುಟ್ಟಿತೋ ಇಲ್ಲವೋ ಎಂದು ಒಬ್ಬರನ್ನೊಬ್ಬರು ಅಂಗಿ ಹಿಡಿದು ವಿಚಾರಿಸುತ್ತಿದ್ದಾಗ, ಒಳಗೆ ಸಿಕ್ಕಿ, ನನ್ನ ಇಚ್ಛೆಯಿಲ್ಲದೆ ತೆಗೆದೆ. ಹೊತ್ತು ಇಳಿಯತೊಡಗಿತ್ತು. ಗದಗಿನ ಕೊನೆಯ ದಾಂಡಿಗ ಕಣಕ್ಕೆ ಬಂದ. ಅವನು ಹೊಡೆದದ್ದು ನೆಲ ಕಂಡರೆ ಸತತ ಮೂರನೆಯ ವರ್ಷವೂ ಗದಗಿನದೇ, ಹಿಡಿದರೆ ಬೆಟಗೇರಿಯದು. ನನ್ನ ಸುರುಳಿಯಲ್ಲಿ ಉಳಿದದ್ದು ಒಂದು. ತಿಪ್ಪಣ್ಣ ಒಡ್ಡಿನ ಈಚೆ ನಿಂತು ಒಮ್ಮೆ ನನ್ನ ಕಡೆ ನೋಡಿದ. ನಾನು ತಲೆ ಬಗ್ಗಿಸಿ ಕನ್ನಡಿಗೆ ಕಣ್ಣಿಟ್ಟೆ. ಕೋಲು ಚಿಣಿಗೆ ಬಡಿದ ಸದ್ದು ಕೇಳಿತು. ಕನ್ನಡಿಯೊಳಗೆ ಹುಣಸೆಬೀಜದಷ್ಟು ಒಡ್ಡು, ಸಾಸಿವೆಯಷ್ಟು ಜನ. ಎಡದಿಂದಲೋ ಬಲದಿಂದಲೋ ಏನೋ ಒಂದು ಓಡಿಬಂದು ಒಡ್ಡು ಹತ್ತಿತು. ಬೆನ್ನುಹತ್ತಬೇಡ ಎಂದುಕೊಂಡೆ. ಲಾಳಿ ತುದಿ ಮುಟ್ಟುವುದನ್ನು ಕಾಯುವವನಂತೆ ಕಾದೆ. ಗದ್ದಲದ ಬಯಲು ಇದ್ದಕ್ಕಿದ್ದಂತೆ ಸ್ತಬ್ಧವಾಯಿತು. ಆ ಮೌನದ ನಟ್ಟನಡುವೆ ಒತ್ತಿದೆ.

ಆಮೇಲೆ ಎದ್ದ ಕೂಗು ಪಕ್ಕದ ಹಳ್ಳಿ ನಾಗಾವಿಯವರೆಗೆ ಕೇಳಿಸಿತಂತೆ. ತಲೆ ಎತ್ತಿದಾಗ ತಿಪ್ಪಣ್ಣ ಒಡ್ಡಿನಾಚೆ ಜನರ ಮಡಿಲಲ್ಲಿ ಬಿದ್ದಿದ್ದ. ಮೇಲೆತ್ತಿದ ಮುಷ್ಟಿಯಲ್ಲಿ ಚಿಣಿ ಇತ್ತು. ಅವನನ್ನು ಎತ್ತಿ ನಿಲ್ಲಿಸಿದವರಲ್ಲಿ ಗದಗಿನವರೂ ಇದ್ದರು.

ಮರುದಿನ ಬೆಳಿಗ್ಗೆ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಇಮಾಮಸಾಹೇಬರು ಕಾಗದವನ್ನು ಔಷಧದ ನೀರಿನಲ್ಲಿ ಆಡಿಸಿದರು. ಮೊದಲು ಮೂಡಿದ್ದು ಒಡ್ಡಿನ ಹುಲ್ಲು, ಗರಿ ಗರಿಯಾಗಿ. ಆಮೇಲೆ ಮುಖಗಳು. ಹಲ್ಲಿಲ್ಲದ ಮುದುಕರು, ರುಮಾಲಿನವರು, ಗಾಂಧಿ ಟೋಪಿಯವರು, ಹೆಗಲ ಮೇಲೆ ಕಂಬಳಿ ಹೊದ್ದವರು, ಗದಗಿನವರು, ಬೆಟಗೇರಿಯವರು, ಎಲ್ಲರೂ ಕತ್ತು ಎತ್ತಿ, ಬಾಯಿ ತೆರೆದು, ಒಂದೇ ಜಾಗವನ್ನು ನೋಡುತ್ತಿದ್ದರು. ಎಷ್ಟು ಸ್ಪಷ್ಟವೆಂದರೆ ಒಬ್ಬನ ಬಾಯೊಳಗಿನ ಅಡಿಕೆಯ ಹೋಳು ಕಾಣುತ್ತಿತ್ತು. ಒಂದೂ ಮುಖ ಮೋಡವಾಗಿರಲಿಲ್ಲ. ಅವರು ಯಾರನ್ನು ನೋಡುತ್ತಿದ್ದರೋ ಅವನು ಮಾತ್ರ ಚಿತ್ರದಲ್ಲಿ ಇರಲಿಲ್ಲ. ಮೇಲಿನ ಅಂಚಿನಲ್ಲಿ, ಎಲ್ಲರ ತಲೆಗಳಿಗಿಂತ ಎಷ್ಟೋ ಮೇಲೆ, ಆಕಾಶದಿಂದ ಇಳಿಬಿಟ್ಟಂತೆ ಎರಡು ಅಂಗಾಲುಗಳು ಇದ್ದವು. ಆ ಹಿಮ್ಮಡಿಗಳ ಬಿರುಕುಗಳನ್ನು ಎಣಿಸಬಹುದಿತ್ತು.

ನಾನು ಎಣಿಸಲಿಲ್ಲ. ಇಮಾಮಸಾಹೇಬರು ಕಾಗದವನ್ನು ಎತ್ತಿ ನೀರು ಇಳಿಸುತ್ತ, ಇಷ್ಟು ಎತ್ತರ ಹೋಗುತ್ತಾನೆ ಎಂದು ನೀವು ನಂಬಲಿಲ್ಲವಲ್ಲ ರಾಯರೇ ಎಂದರು.

ಇಪ್ಪತ್ತು ವರ್ಷ ಹಾರಿದವನಿಗೆ ಎರಡು ಅಂಗಾಲು ಕೊಡಲು ಹೊರಟವನ ಸ್ಥಿತಿ ಹೇಗಿರುತ್ತದೆ ಎಂದು ನೀವೇ ಊಹಿಸಿ. ಬೆಟಗೇರಿಯವರೆಗೆ ಸೈಕಲ್ ತಳ್ಳಿಕೊಂಡೇ ಹೋದೆ. ತಿಪ್ಪಣ್ಣ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದ, ದೂರ ಹಿಡಿದ, ಹತ್ತಿರ ಹಿಡಿದ. ಗಂಗವ್ವ ಕಂಡಿಕೆಯನ್ನು ಕೆಳಗಿಟ್ಟು ಎದ್ದು ಬಂದು ಅವನ ಹಿಂದೆ ನಿಂತಳು. "ಇವು ನಮ್ಮವರ ಹಿಮ್ಮಡರಿ" ಎಂದಳು. ಇದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಆಮೇಲೆ ಅವಳ ಬೆರಳು ಆ ಅಂಗಾಲಿನಿಂದ ಕೆಳಗೆ ಇಳಿಯುತ್ತ, ಇಳಿಯುತ್ತ, ಜನರ ತಲೆಗಳವರೆಗೆ ಬಂದು ನಿಂತಿತು. ನಡುವೆ ಎಷ್ಟು ಖಾಲಿ ಜಾಗ ಇದೆ ಎಂದು ಅವಳು ಅಳೆಯುತ್ತಿದ್ದಳು. ಮತ್ತೆ ಮೇಲಕ್ಕೆ ಹೋಯಿತು. ಕೊನೆಗೆ ಗಂಡನ ಮುಖ ನೋಡಿದಳು, ಅವನನ್ನು ಎಲ್ಲೋ ಕಂಡ ಹಾಗಿದೆ ಎಂಬಂತೆ.

ತಿಪ್ಪಣ್ಣ ಮುಖಗಳನ್ನು ಒಂದೊಂದಾಗಿ ಓದುತ್ತಿದ್ದ. ಗದಗಿನ ಅಡತಿ ಅಂಗಡಿಯವರು, ತನಗೆ ಎಂದೂ ನೆಟ್ಟಗೆ ಮಾತು ಕೊಡದ ಸಾವಕಾರರು, ಹೋದ ವರ್ಷ ತನ್ನನ್ನು ಕುಣಿಯ ಕಪ್ಪೆ ಎಂದು ಹಂಗಿಸಿದವನು, ಎಲ್ಲರೂ ಬಾಯಿ ತೆರೆದು ಕೂತಿದ್ದರು. "ಇಷ್ಟು ಮಂದಿ ಬಾಯಿ ತಗದಾರಂದ್ರ, ನಾ ಖರೇನ ಹಾರೀನಿ" ಎಂದ. ಫೋಟೋವನ್ನು ಕೈಯಿಂದ ಬಿಡಲಿಲ್ಲ. ಹಿಮ್ಮಡಿಗೆ ಇವತ್ತಿನಿಂದ ಎಣ್ಣೆ ಹಚ್ಚಿಕೊಳ್ಳಬೇಕು, ಊರೆಲ್ಲ ನೋಡುವಂತಾಯಿತು ಎಂದು ಗಂಗವ್ವ ಒಳಗೆ ಹೋದಳು. ಒಳಗಿನಿಂದ ಅವಳು ಮೂಗು ಏರಿಸುವ ಸದ್ದು ಕೇಳಿತು.

ಇಲ್ಲಿಗೆ ನಿಂತಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ನಾನು ಇನ್ನೊಂದು ಪ್ರತಿಯನ್ನು ಹುಬ್ಬಳ್ಳಿಗೆ ಕಳಿಸಿದೆ. ಪಂದ್ಯದ ಎರಡು ದಿನಗಳ ಮೇಲೆ ಅದೇ ಬಯಲಿನಲ್ಲಿ ಏಕೀಕರಣದ ಸಭೆಯಾಗಿತ್ತು. ಅದರ ವರದಿಯನ್ನೂ ಪಂದ್ಯದ ವರದಿಯನ್ನೂ ಚಿತ್ರವನ್ನೂ ಒಂದೇ ಲಕೋಟೆಯಲ್ಲಿಟ್ಟು ಬಸ್ಸಿನ ಕಂಡಕ್ಟರರಿಗೆ ಕೊಟ್ಟೆ. ಸಭೆಯ ವರದಿಯಲ್ಲಿ ನನ್ನ ನಿಯಮದಂತೆ, ಬಂದವರಲ್ಲಿ ಅರ್ಧ ಜನ ಕೊನೆಯವರೆಗೂ ಇದ್ದರು ಎಂದು ಬರೆದಿದ್ದೆ. ಪತ್ರಿಕೆ ಬಂದಾಗ ಮೊದಲ ಪುಟದಲ್ಲಿ ನನ್ನ ಚಿತ್ರ ಇತ್ತು. ಅಂಕಣಕ್ಕೆ ಹೊಂದಲಿಲ್ಲವೆಂದು ಮೇಲಿನ ಭಾಗ ಕತ್ತರಿಸಿದ್ದರು, ಅಂಗಾಲುಗಳು ಹೋಗಿದ್ದವು. ಕೆಳಗೆ ದಪ್ಪಕ್ಷರದಲ್ಲಿ: ಏಕೀಕರಣದ ಭಾಷಣಕ್ಕೆ ಬೆರಗಾದ ಗದಗ-ಬೆಟಗೇರಿ ಜನತೆ.

ನಾನು ಅಂದೇ ತಿದ್ದುಪಡಿ ಬರೆದೆ. ಸಂಪಾದಕರ ಕಾರ್ಡು ಬಂತು: ಜನ ಗದಗ-ಬೆಟಗೇರಿಯವರು ಹೌದೇ? ಬೆರಗಾದದ್ದು ಹೌದೇ? ಚಿತ್ರದಲ್ಲಿ ಎರಡೂ ಊರುಗಳು ಒಂದಾಗಿರುವುದು ಹೌದೇ? ಹಾಗಾದರೆ ತಿದ್ದುವುದು ಏನನ್ನು? ತಿದ್ದುಪಡಿಯನ್ನು ಅಲ್ಲಿಗೇ ಬಿಟ್ಟೆ. ಅರ್ಧ ಗಂಟೆ ಮೊದಲು ಒಬ್ಬರ ಅಂಗಿಯನ್ನೊಬ್ಬರು ಹಿಡಿದಿದ್ದ ಜನರನ್ನು ಒಂದು ಕ್ಷಣ ಒಂದು ಮಾಡಿದ್ದು ಭಾಷಣ ಅಲ್ಲ ಎಂದು ಬರೆದಿದ್ದರೆ ಯಾರು ಅಚ್ಚು ಹಾಕುತ್ತಿದ್ದರು? ತಿಪ್ಪಣ್ಣನ ಕ್ಷಮೆ ಕೇಳಲು ಹೋದೆ. ಅವನು ಪತ್ರಿಕೆಯನ್ನೂ ಗೋಡೆಯ ಮೇಲಿನ ಫೋಟೋವನ್ನೂ ಹೋಲಿಸಿ ನೋಡಿ, "ಭಾಷಣ ಕೇಳಿ ಯಾರರ ಹಿಂಗ ಬಾಯಿ ತಗೀತಾರೇನ್ರಿ ರಾಯರ? ಆಕಳಸಾಕ ತಗೀತಾರ" ಎಂದು ಸಮಾಧಾನ ಹೇಳಿದ. ನಾಡು ಒಂದಾದ ವರ್ಷ ಆ ಚಿತ್ರ ಎಷ್ಟೋ ಕಚೇರಿಗಳಲ್ಲಿ ಕಟ್ಟು ಹಾಕಿಸಿಕೊಂಡು ಗೋಡೆ ಏರಿತು. ಅದರ ಕೆಳಗೆ ನಿಂತು ದೊಡ್ಡವರು ನನ್ನ ಬೆನ್ನು ತಟ್ಟಿದ್ದಾರೆ. ಅವರ ತಲೆಯ ಮೇಲೆ, ಚೌಕಟ್ಟಿನ ಹೊರಗೆ, ಎರಡು ಹಿಮ್ಮಡಿಗಳು ತೂಗುತ್ತಿರುವುದು ನನಗೆ ಮಾತ್ರ ಕಾಣುತ್ತಿತ್ತು.

ಅಂದಿನ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಪಂದ್ಯದ ಸುದ್ದಿಯೂ ನಾಲ್ಕು ಸಾಲು ಬಂದಿತ್ತು. ಅದರ ಕೊನೆಯ ಸಾಲು: ಶ್ರೀ ತಿಪ್ಪಣ್ಣನವರು ಚಿಣಿಯನ್ನು ಗಾಳಿಯಲ್ಲೇ ಹಿಡಿದ ದೃಶ್ಯ ನೋಡುವಂತಿತ್ತು. ಒಂದಕ್ಷರವನ್ನೂ ತಿದ್ದದೆ ಹಾಕಿದ್ದರು. ನಾನು ಕಾಣದೆ ಬರೆದ ಸಾಲು ಅದೇ. ಊರಿಗೆ ಊರೇ ಕತ್ತೆತ್ತಿ ನೋಡುತ್ತಿದ್ದಾಗ ನಾನೊಬ್ಬನೇ ಕತ್ತು ಬಗ್ಗಿಸಿ ಹುಣಸೆಬೀಜದಷ್ಟು ಕನ್ನಡಿಯಲ್ಲಿ ಹುಲ್ಲು ನೋಡುತ್ತಿದ್ದೆ. ಆ ಹಾರಿಕೆಯನ್ನು ಕಾಣದವರು ಆ ಬಯಲಿನಲ್ಲಿ ಇಬ್ಬರೇ, ಹಾರಿದವನು ಮತ್ತು ವರದಿ ಬರೆದವನು.

ಅದಕ್ಕೇ ಈಗಲೂ ಬನ್ನಿ ಹಬ್ಬಕ್ಕೆ ಬಂಗಾರ ಕೊಡುವ ನೆಪದಲ್ಲಿ ಬೆಟಗೇರಿಗೆ ಹೋಗುತ್ತೇನೆ. ತಿಪ್ಪಣ್ಣ ಚಿಣಿ ಬಿಟ್ಟಿದ್ದಾನೆ, ಕನ್ನಡಕ ಹಾಕಿಕೊಂಡು ಮಗ್ಗ ಹೂಡುತ್ತಾನೆ, ಹಿಮ್ಮಡಿಗೆ ಎಣ್ಣೆ ಬಿದ್ದಿದೆ. ಬನ್ನಿ ಎಲೆ ಕೊಟ್ಟು, ಮಗ್ಗದ ಮೇಲಿನ ಫೋಟೋದ ಮುಂದೆ ನಿಂತು, ಆ ಮುಖಗಳನ್ನು ಒಂದೊಂದಾಗಿ ನೋಡುತ್ತೇನೆ. ಅವರು ಕಂಡದ್ದು ಅವರ ಕಣ್ಣಿನಲ್ಲಾದರೂ ನನಗೆ ಸಿಕ್ಕೀತೇ ಎಂದು. ಹೋದ ವರ್ಷ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಹಿಂದಿನಿಂದ ಗಂಗವ್ವ, "ಬಾಯಿ ಮುಚ್ಚರಿ ರಾಯರ, ನೊಣ ಹೊಕ್ಕಾವು" ಅಂದಳು.